ನರ್ಸುಗಳಿಗೆ ಓದುವ ರಜೆ ಕೊಡಿ

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಬೆಂಗಳೂರು

ನಾನು ಹನೂರು ತಾಲ್ಲೂಕಿನ ಮಾರ್ಟಳ್ಳಿಯವಳು. ಮನೆಮಾತು ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ನರ್ಸಿಂಗ್ ಡಿಪ್ಲೊಮಾ ಜಿಎನ್ಎಂ ಸೇರಿದಾಗ ಪುಸ್ತಕವೆಲ್ಲ ಇಂಗ್ಲಿಷ್; ಹಾಸ್ಟೆಲಿನಲ್ಲಿ ನಿಘಂಟು ಹಿಡಿದು ಕೂತು ಪಾಸಾದೆ. ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ ಹನ್ನೆರಡು ವರ್ಷವಾಯಿತು. ಈಗ ಗುತ್ತಿಗೆಯ ಸ್ಟಾಫ್ ನರ್ಸ್.

2018ರ ಡಿಸೆಂಬರ್ 14ರಂದು ನಮ್ಮ ಪಕ್ಕದ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರಿಂದ 17 ಜನ ಸತ್ತರು. ಕಾಮಗೆರೆ, ಕೊಳ್ಳೇಗಾಲ, ಮೈಸೂರು ಎಂದು ಆಂಬುಲೆನ್ಸ್‌ಗಳು ಓಡಿದವು. ಕೀಟನಾಶಕ ಹೊಟ್ಟೆಗೆ ಹೋದವರಿಗೆ ಅಟ್ರೋಪಿನ್ ಕೊಡುವುದೆಂದರೆ ಇಂಜೆಕ್ಷನ್ ಚುಚ್ಚಿ ಹೊರಡುವ ಕೆಲಸವಲ್ಲ. ಎದೆಯೊಳಗಿನ ನೀರು ಆರುವ ತನಕ ನಾಡಿ, ಕಣ್ಣಪಾಪೆ, ಉಸಿರು ನೋಡುತ್ತ ಪಕ್ಕದಲ್ಲೇ ನಿಲ್ಲಬೇಕು. ಬಾಯಿಯ ನೊರೆಯನ್ನು ಸಕ್ಷನ್‌ನಿಂದ ತೆಗೆಯುತ್ತಲೇ ಇರಬೇಕು. ಆ ರಾತ್ರಿ ಊರಿನವರ ಮುಖ ಗುರುತು ಹಿಡಿಯುತ್ತ ನಾನೂ ಹಾಗೆ ನಿಂತಿದ್ದೆ. ನನ್ನ ಜೊತೆ ಡಿಪ್ಲೊಮಾದವರೂ ಇದ್ದರು, ಬಿಎಸ್ಸಿಯವರೂ ಇದ್ದರು.

ನಾವು ಸೋತು ಕೂತಾಗ ಮಾತ್ರ ಓದಿನ ಮಾತು ಬರುತ್ತದೆ. "ನಿಮ್ಮದು ಜಿಎನ್ಎಂ ತಾನೇ, ಒತ್ತಡ ತಡೆಯೋಕೆ ಆಗಲ್ಲ" ಎಂದು ಮೇಲಿನವರೊಬ್ಬರು ಕಳೆದ ವರ್ಷ ನನಗೆ ಹೇಳಿದರು. ಹಿಂದಿನ ರಾತ್ರಿಪಾಳಿಯಲ್ಲಿ ವಾರ್ಡಿನಲ್ಲಿ 38 ರೋಗಿಗಳಿದ್ದರು, ನೋಡಿಕೊಂಡವಳು ನಾನೊಬ್ಬಳೇ. ಬೋಧನಾ ಆಸ್ಪತ್ರೆ ಅಲ್ಲದ ಕಡೆ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ರಜೆಯ ಲೆಕ್ಕಕ್ಕೆ ಶೇ 30ರಷ್ಟು ಹೆಚ್ಚುವರಿ ಎನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ನಾಲ್ಕು ವರ್ಷ ಓದಿ ಬಿಎಸ್ಸಿ ಮಾಡಿದ ನನ್ನ ಜೊತೆಯ ಹುಡುಗಿಗೂ ಹಗಲು ನಿದ್ದೆ ಹತ್ತುವುದಿಲ್ಲ, ಅನ್ನ ಸೇರುವುದಿಲ್ಲ. ತನ್ನ ಮಗು ಅತ್ತರೂ ಸಿಟ್ಟು ಬರುತ್ತದೆ ಅಕ್ಕಾ ಎಂದು ಡ್ರೆಸ್ಸಿಂಗ್ ರೂಮಿನಲ್ಲಿ ಅತ್ತಳು.

ನನಗೆ ಓದು ಬೇಡವೆಂದಲ್ಲ, ತುಂಬ ಬೇಕು. ಜಿಎನ್ಎಂ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಎರಡು ಸಲ ಅರ್ಜಿ ತಂದೆ. ಗುತ್ತಿಗೆಯವಳಿಗೆ ಓದುವ ರಜೆ ಇಲ್ಲ, ಹೋದರೆ ಕೆಲಸ ಉಳಿಯುವುದಿಲ್ಲ ಎಂದರು. ಮನೆಯಲ್ಲಿ ಅಪ್ಪನ ಔಷಧಿ, ತಮ್ಮನ ಫೀಸು ನನ್ನ ಸಂಬಳದಿಂದಲೇ ನಡೆಯಬೇಕು. ಅರ್ಜಿ ಪೆಟ್ಟಿಗೆಯಲ್ಲಿದೆ.

ಐದು ವರ್ಷ ದುಡಿದ ಗುತ್ತಿಗೆ ನರ್ಸುಗಳಿಗೆ ಸಂಬಳಸಹಿತ ಓದುವ ರಜೆ ಕೊಡಿ. ಆ ಜಾಗಕ್ಕೆ ಬದಲಿಯವರನ್ನು ಹಾಕಿ, ಉಳಿದವರ ತಲೆಗೆ ಕಟ್ಟಬೇಡಿ. ರಾತ್ರಿಪಾಳಿಯಲ್ಲಿ ಒಬ್ಬರನ್ನೇ ಬಿಡಬೇಡಿ. ಇಂದು ರೋಗಿಗಳು ಎಷ್ಟು, ನರ್ಸುಗಳು ಎಷ್ಟು ಎಂದು ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆಸಿ. ಮಾರ್ಟಳ್ಳಿಯಿಂದ ಬಸ್ಸಿನಲ್ಲಿ ಬರುವ ನಮ್ಮವರೂ ಅದನ್ನು ಓದಲಿ.

ಇಂತಿ,
ಮಾರ್ಟಳ್ಳಿಯ ಒಬ್ಬ ಸ್ಟಾಫ್ ನರ್ಸ್