ಆಟಕ್ಕುಂಟು, ಲೆಕ್ಕಕ್ಕಿಲ್ವಾ?

ಗೇಮ್ ಆಡುವವರಲ್ಲೂ ಮಡಿವಂತರಿದ್ದಾರೆ. ‘ಬಾಸ್ ಫೈಟಿಗೆ ಮುಂಚೆ ಸೇವ್ ಮಾಡ್ಕೊಂಡೆ, ಸತ್ತೆ, ಲೋಡ್ ಮಾಡ್ಕೊಂಡು ಗೆದ್ದೆ’ ಅಂತ ಇವರ ಮುಂದೆ ಹೇಳಿ ನೋಡಿ. ‘ಹಾಗಾದ್ರೆ ಅದು ಲೆಕ್ಕಕ್ಕಿಲ್ಲ ಬಿಡು ಗುರು’ ಅಂತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಸೇವ್ ಸ್ಕಮಿಂಗ್ ಅಂತ ಒಂದು ಬೈಗುಳವೇ ಇದೆ.

ಲೆಕ್ಕ ಇಡ್ತಿರೋರು ಯಾರು ಸ್ವಾಮಿ?

ಕಳ್ಳಾಟ ಆಗಬೇಕಾದರೆ ಮೋಸ ಹೋಗುವವನೊಬ್ಬ ಬೇಕು. ಚೌಕಾಬಾರದಲ್ಲಿ ಬಿದ್ದ ಕವಡೆಯನ್ನು ಮೆಲ್ಲಗೆ ಬೆರಳಲ್ಲಿ ಮಗುಚಿದರೆ ಎದುರು ಕೂತ ಅಜ್ಜಿಗೆ ಮೋಸ. ರಾತ್ರಿ ಹತ್ತೂವರೆಗೆ, ಮನೇಲಿ ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕ್ಕೊಂಡು ಒಬ್ಬನೇ ಬಾಲ್ಡರ್ಸ್ ಗೇಟ್ 3 ಆಡುವಾಗ ನಾನು ಎಫ್5 ಒತ್ತಿದರೆ ಯಾರಿಗೆ ಮೋಸ? ಗಾಬ್ಲಿನ್‌ಗಾ?

ಆ ಎಫ್5 ನಾನು ಕದ್ದು ತಂದದ್ದಲ್ಲ, ಆಟ ಮಾಡಿದವರೇ ಇಟ್ಟದ್ದು. 1993ರ ಡೂಮ್‌ನಲ್ಲೇ ಎಫ್6ಗೆ ಸೇವ್, ಎಫ್9ಗೆ ಲೋಡ್ ಇತ್ತು. ಬೇಡ ಅನಿಸಿದ ಕಡೆ ಅವರೇ ಕಿತ್ತುಕೊಳ್ಳುತ್ತಾರೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಸೇವ್ ಮಾಡೋಕೆ ಟೈಪ್‌ರೈಟರ್ ಹುಡುಕಬೇಕು, ಪ್ರತಿ ಸಲಕ್ಕೂ ಒಂದು ಇಂಕ್ ರಿಬ್ಬನ್ ಖರ್ಚು. 2012ರ ಎಕ್ಸ್‌ಕಾಮ್ ಇನ್ನೂ ಕಿಲಾಡಿ: ಗುರಿ ತಪ್ಪಿತು ಅಂತ ಲೋಡ್ ಮಾಡಿ ಅದೇ ಗುಂಡು ಮತ್ತೆ ಹೊಡೆದರೆ ಮತ್ತೆ ತಪ್ಪುತ್ತೆ. ಮುಂದಿನ ವರ್ಷ ಬಂದ ಎನಿಮಿ ವಿದಿನ್‌ನಲ್ಲಿ ಈ ಕಟ್ಟನ್ನು ಸಡಿಲಿಸುವ ಒಂದು ಆಯ್ಕೆ ಕೊಟ್ಟರು. ಅದರ ಹೆಸರೇ ಸೇವ್ ಸ್ಕಮ್! ಆಟ ಕಟ್ಟಿದವರೇ ನಗುನಗುತ್ತಾ ಬಾಗಿಲು ತೆಗೆದಿರುವಾಗ ಹೊಸ್ತಿಲಲ್ಲಿ ನಿಂತು ಜಾತಕ ಕೇಳೋಕೆ ಇವರ್ಯಾರು?

‘ಹಳೇ ಗೇಮ್‌ಗಳಲ್ಲಿ ಸೇವ್ ಇತ್ತಾ?’ ಅಂತ ಇನ್ನೊಂದು ವಾದ. ಇರಲಿಲ್ಲ, ಬಹಳಷ್ಟರಲ್ಲಿ. ಆದರೆ ಅದು ತಪಸ್ಸೇನೂ ಆಗಿರಲಿಲ್ಲ. ಆರ್ಕೇಡ್ ಯಂತ್ರಕ್ಕೆ ನೀವು ಬೇಗ ಸಾಯಬೇಕಿತ್ತು, ಇನ್ನೊಂದು ನಾಣ್ಯ ಹಾಕಬೇಕಿತ್ತು. ಮನೆಯ ಕಾರ್ಟ್ರಿಡ್ಜ್‌ನಲ್ಲಿ ಸೇವ್ ಉಳಿಸಿಕೊಳ್ಳಲು ಬ್ಯಾಟರಿ ಬೇಕಿತ್ತು. 1987ರಲ್ಲಿ ಅಮೆರಿಕಕ್ಕೆ ಬಂದ ಜೆಲ್ಡಾದಲ್ಲಿ ಅದನ್ನು ಹಾಕಿದ್ದರು. ನಮ್ಮ ಟಿವಿಗೆ ಸಿಕ್ಕಿಸುತ್ತಿದ್ದ ‘9999 ಇನ್ 1’ ಕ್ಯಾಸೆಟ್ಟಿನಲ್ಲಿ ಕರೆಂಟ್ ಹೋದರೆ ಮಾರಿಯೋನೂ ಹೋದ. ಕರೆಂಟ್ ಹೋಗದೆ ಇದ್ದದ್ದು ನಮ್ಮ ಕೌಶಲವಾ?

ಎದುರಾಳಿ ಇರುವಲ್ಲಿ ಮಾತು ಬೇರೆ, ಒಪ್ಪುತ್ತೇನೆ. ಇಪ್ಪತ್ತು ಸಲ ಲೋಡ್ ಮಾಡಿದ ತುಣುಕುಗಳನ್ನು ಜೋಡಿಸಿ ‘ಒಂದೇ ಉಸಿರಿಗೆ ಆಡಿದೆ’ ಅಂತ ಸ್ಪೀಡ್‌ರನ್ ದಾಖಲೆಗೆ ಕಳಿಸಿದರೆ ಅದು ಶುದ್ಧ ಕಳ್ಳತನ. ಆದರೆ ಅದೇ ಲೋಕದಲ್ಲಿ ಸೇವ್ ಸ್ಟೇಟ್ ಬಳಸಿ, ಫ್ರೇಮ್ ಫ್ರೇಮ್ ತಿದ್ದಿ, ಹಾಗಂತಲೇ ಹೇಳಿ ಪ್ರಕಟಿಸುವವರೂ ಇದ್ದಾರೆ. ಅವರ ಪಟ್ಟಿ ಬೇರೆ, ಯಾರಿಗೂ ತಕರಾರಿಲ್ಲ. ತಪ್ಪು ಇರೋದು ಸುಳ್ಳಿನಲ್ಲಿ.

ಮಡಿವಂತರ ಒಂದು ಮಾತಿಗೆ ಮಾತ್ರ ಬೆಲೆ ಕೊಡುತ್ತೇನೆ: ಪ್ರತಿ ದಾಳಕ್ಕೂ 20 ಬೀಳೋವರೆಗೆ ಲೋಡ್ ಮಾಡುತ್ತಾ ಕೂತರೆ ಆಟ ಸಪ್ಪೆಯಾಗುತ್ತೆ. ನಿಜ. ಕಾವಲುಗಾರನಿಗೆ ಹೇಳಿದ ಸುಳ್ಳು ಸಿಕ್ಕಿಬಿದ್ದು ಜೈಲು ಸೇರಿದ ಮೇಲೆಯೇ ಕಥೆ ರುಚಿಯಾಗೋದು. ಮಾತುಕತೆಯಲ್ಲಿ ಸೋತರೆ ನಾನು ಲೋಡ್ ಮಾಡಲ್ಲ. ಆದರೆ ಸಪ್ಪೆ ಊಟ ಮಾಡೋನನ್ನ ಕಳ್ಳ ಅಂತೀವಾ?

ನನಗೆ ಸಿಕ್ಕೋದು ದಿನಕ್ಕೆ 40 ನಿಮಿಷ, ಅದೂ ಮಗು ಏಳದಿದ್ದರೆ, ಆಫೀಸಿನಿಂದ ಕಾಲ್ ಬರದಿದ್ದರೆ. ಸತ್ತು, ಅದೇ ಓಣಿಯಲ್ಲಿ 25 ನಿಮಿಷ ಮತ್ತೆ ನಡೆದು, ಅದೇ ಬಾಗಿಲ ಮುಂದೆ ನಿಲ್ಲೋದು ಕೌಶಲವಲ್ಲ, ಟ್ರಾಫಿಕ್ಕು. ಅದನ್ನ ಸಿಲ್ಕ್ ಬೋರ್ಡ್‌ನಲ್ಲಿ ದಿನಾ ಆಡ್ತೀನಿ, ಅಲ್ಲಿ ಎಫ್5 ಇಲ್ಲ. ಒಂದೇ ಸೇವ್ ಇರುವ ಆನರ್ ಮೋಡ್ ಆಡುವಷ್ಟು ವೇಳೆ ಇರುವವರು ಧಾರಾಳವಾಗಿ ಆಡಲಿ, ಗೆದ್ದರೆ ನಾನೇ ಕಾಫಿ ಕೊಡಿಸ್ತೀನಿ. ನನ್ನ ಸೇವ್ ಫೈಲಿನ ಲೆಕ್ಕಪತ್ರ ಮಾತ್ರ ಕೇಳಬೇಡಿ.