ವಿಶ್ರಾಂತಿಯು ಆಲಸ್ಯವಲ್ಲ

ನೆಲಮಂಗಲ, ದೊಡ್ಡಬಳ್ಳಾಪುರಗಳಿಂದ ನಸುಕಿನಲ್ಲಿಯೇ ಬೆಂಗಳೂರಿಗೆ ಹೊರಟು, ಕತ್ತಲಾದ ಮೇಲೆ ಮನೆ ಸೇರುವ ಉದ್ಯೋಗಸ್ಥರು ಇಂದು ಅಸಂಖ್ಯರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಮೇಲಂತೂ ಈ ಸೀಮೆಯಲ್ಲಿ ಅನೇಕರಿಗೆ ರಾತ್ರಿಯೂ ದುಡಿಮೆಯ ವೇಳೆಯಾಯಿತು. ಮನೆಗೆ ಬಂದವರನ್ನೂ ಕೈಯಲ್ಲಿನ ಮೊಬೈಲು ಕಚೇರಿಯಲ್ಲಿಯೇ ಇರಿಸುತ್ತದೆ.

ಆಪತ್ತು ಎದುರಾದಾಗ ನರಮಂಡಲವು ದೇಹವನ್ನು ಕಾದಾಟಕ್ಕೋ ಪಲಾಯನಕ್ಕೋ ಅಣಿಗೊಳಿಸುವುದೆಂದು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ತೋರಿಸಿಕೊಟ್ಟರು. ಆಗ ಅಡ್ರಿನಲ್ ಗ್ರಂಥಿಗಳು ರಸವನ್ನು ಸ್ರವಿಸುತ್ತವೆ. ಎದೆಬಡಿತ, ರಕ್ತದೊತ್ತಡಗಳು ಏರುತ್ತವೆ. ಹುಲಿಯು ಮರೆಯಾದರೆ ಈ ಉದ್ವೇಗವು ಶಮನವಾದೀತು. ಮೇಲಧಿಕಾರಿಯ ಕರೆಗಳಿಗಾದರೋ ಕೊನೆಯೆಂಬುದಿಲ್ಲ. ಹೆದೆಯಿಳಿಸದ ಬಿಲ್ಲು ತನ್ನ ಬಲವನ್ನೇ ಕಳೆದುಕೊಳ್ಳುವಂತೆ, ಬಿಡುವಿಲ್ಲದ ದೇಹದಲ್ಲಿ ನಿದ್ರೆ, ಜೀರ್ಣಶಕ್ತಿ, ಸಹನೆಗಳು ಕುಂದುತ್ತವೆ. ಅದರ ಕಹಿಯನ್ನು ಉಣ್ಣುವವರು ಮನೆಯ ಮಕ್ಕಳು.

ಶಮನದ ಮಾರ್ಗವೂ ದೇಹದಲ್ಲಿಯೇ ಇದೆ. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟಾಗ ವೇಗಸ್ ಎಂಬ ನರವು ಎದೆಬಡಿತವನ್ನು ತಗ್ಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಔಷಧೋಪಚಾರದೊಡನೆ ಯೋಗಕ್ಕೂ ಸ್ಥಾನವುಂಟು. ಸಂಜೆ ಕಾಲುಗಂಟೆ ಪ್ರಾಣಾಯಾಮ, ಶವಾಸನಗಳಿಗೆ ಮೀಸಲಾಗಲಿ.

ಆದರೆ ಹೊರೆಯನ್ನು ಹೇರುತ್ತಲೇ ಇದ್ದು, ಉಸಿರಾಟವನ್ನು ಬೋಧಿಸಿದರೆ ಸಾಲದು. ದುಡಿಸಿಕೊಳ್ಳುವವರು ನೌಕರನ ಬಿಡುವಿನ ವೇಳೆಯನ್ನು ಅವನಿಗೇ ಬಿಟ್ಟುಕೊಡಬೇಕು. ಅದು ಕೃಪೆಯಲ್ಲ, ನ್ಯಾಯ. ತಂದೆತಾಯಂದಿರೂ ಮನೆಯ ಹೊಸ್ತಿಲಿನಲ್ಲಿ ಕಚೇರಿಯನ್ನು ಇಳಿಸಿ ಒಳಗೆ ಬರಲಿ. ಮಕ್ಕಳಿಗೆ ಅವರ ಸಂಪಾದನೆಯಷ್ಟೇ ಅವರ ಸಮಾಧಾನವೂ ಬೇಕು.