ಹಿತ್ತಲಿಗೆ ಸಿಮೆಂಟು, ಬಾಲ್ಕನಿಗೆ ಒರೆಗಾನೊ

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆ ಕೊರೀತಾ ಇದೆ, ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಸ್ವಲ್ಪ ಖಾರ ಅನ್ನಿಸಿದರೆ ಮಜ್ಜಿಗೆ ಕುಡಿದುಕೊಂಡು ಓದಿ :-)

ಬೇಸಿಗೆ ಬಂತು ಅಂದರೆ ಬೆಂಗಳೂರಿನ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಒಂದು ಹುರುಪು ಶುರುವಾಗತ್ತೆ. ಬಾಲ್ಕನಿಯಲ್ಲಿ 'ಹರ್ಬ್ ಗಾರ್ಡನ್' ಮಾಡೋದು. ಬೇಸಿಲ್, ಥೈಮ್, ಒರೆಗಾನೊ, ಪಾರ್ಸ್ಲಿ... ನಾನೂ ಬಿಡಲಿಲ್ಲ. 2024ರ ಫೆಬ್ರವರಿಯಲ್ಲಿ 1,299 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದೆ. ನಾಲ್ಕು ಪೊಟ್ಟಣ ಬೀಜ, ನಾಲ್ಕು ಕುಂಡ, ಜೊತೆಗೆ ಇಟ್ಟಿಗೆಯ ಹಾಗೆ ಒತ್ತಿದ ಕೋಕೋಪೀಟ್. ಡಬ್ಬ ಬಿಚ್ಚಿದಾಗಲೇ ನಾಚಿಕೆ ಆಗಿದ್ದು. ಕೋಕೋಪೀಟ್ ಅಂದರೆ ಮತ್ತೇನಲ್ಲ, ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯೋ ಪುಡಿ. ನಾನು ಕಂದಿಕೆರೆಯವನು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಯಾವ ಕಡೆ ಮುಖ ಮಾಡಿದರೂ ತೆಂಗಿನ ಸಾಲೇ. ಅಟ್ಟದ ಕಾಯಿ ಇಳಿಸಿ ಕೊಬ್ಬರಿಗೆ ಸುಲಿಸಿದಾಗ ನಮ್ಮ ಮನೆ ಹಿಂದೆ ಸಿಪ್ಪೆ ಗುಡ್ಡೆ ನನಗಿಂತ ಎತ್ತರ ಬೀಳತ್ತೆ. ಅದನ್ನ ಒಲೆಗೆ ಹಾಕಿ ನೀರು ಕಾಯಿಸೋ ಮನೆಯ ಮಗ, ದುಡ್ಡು ಕೊಟ್ಟು ಸಿಪ್ಪೆ ಪುಡಿ ಕೊರಿಯರ್‌ನಲ್ಲಿ ತರಿಸಿಕೊಂಡಿದ್ದ!

ಮುಂದಿನದು ನಿಮಗೂ ಗೊತ್ತು. ಆ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿರಲಿಲ್ಲ. ಕುಡಿಯೋ ನೀರನ್ನ ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಬೇಸಿಲ್ ಬಿಸಿಲಿಗೆ ಹೆದರೋ ಗಿಡ ಅಲ್ಲ, ಆದರೆ ಅದಕ್ಕೆ ನೀರು ಬೇಕು. ವಾರದಲ್ಲಿ ತಲೆ ಬಗ್ಗಿಸಿತು. ಪಾರ್ಸ್ಲಿ ಮೊಳಕೆಯಲ್ಲೇ ಹೋಯಿತು. ಉಳಿದವು ಬೀಜವಾಗಿಯೇ ಉಳಿದವು.

ಆ ಯುಗಾದಿಗೆ ಊರಿಗೆ ಹೋದಾಗ ಅಕ್ಕನ ಮಗುವಿಗೆ ನೆಗಡಿ. "ಅಮ್ಮ, ಎರಡು ದೊಡ್ಡಪತ್ರೆ ಎಲೆ ಕಿತ್ಕೊಂಡು ಬರ್ಲಾ?" ಅಂದೆ. ಅಮ್ಮ ನನ್ನ ಮುಖಾನೇ ನೋಡಿದಳು. "ಎಲ್ಲಿದೆಯಪ್ಪಾ? ನೀನೇ ಅಲ್ವಾ ಸಿಮೆಂಟ್ ಹಾಕ್ಸಿದ್ದು?"

ಹೌದು, ನಾನೇ. 2021ರಲ್ಲಿ, ಕೈಗೆ ನಾಲ್ಕು ಕಾಸು ಬಂದ ಹೊಸತರಲ್ಲಿ, ಹಿತ್ತಲಿಗೆ ಪೂರ್ತಿ ಕಾಂಕ್ರೀಟ್ ಹಾಕಿಸಿದೆ. ಪಾಚಿ ಮೇಲೆ ಅಮ್ಮ ಜಾರಿ ಬಿದ್ದು ಕೈ ಉಳುಕಿಸಿಕೊಂಡಿದ್ದಳು. ಆಮೇಲೆ ಸೊಳ್ಳೆ, ಒಮ್ಮೊಮ್ಮೆ ಹಾವು. ಕಾರಣ ಎಲ್ಲಾ ಸರಿಯಾಗೇ ಇದ್ದವು. ಪಾತ್ರೆ ತೊಳೆಯೋ ಕಲ್ಲಿನ ಪಕ್ಕದಲ್ಲಿ ಅಜ್ಜಿ ಬೆಳೆಸಿದ್ದ ಪುದೀನ, ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು ಎಲ್ಲಾ ಒಂದೇ ಮಧ್ಯಾಹ್ನಕ್ಕೆ ಹೋದವು. ಮೇಸ್ತ್ರಿ ಮಾತ್ರ ಕೇಳಿದ್ದ, "ಇದೊಂದ್ ಮೂಲೆ ಬಿಡ್ಲಾ ಅಣ್ಣ?" ಅಂತ. "ಲೆವೆಲ್ ಕೆಡತ್ತೆ, ಹಾಕಿಬಿಡಿ" ಅಂದವನೂ ನಾನೇ. ಅಜ್ಜಿ ಜಗುಲಿ ಮೇಲೆ ಕೂತು ನೋಡ್ತಾ ಇದ್ದಳು, ಒಂದು ಮಾತೂ ಆಡಲಿಲ್ಲ. ಈಗ ಅವಳಿಲ್ಲ.

ಇನ್ನೊಂದು ತಮಾಷೆ ಕೇಳಿ. ಹೊರದೇಶದಲ್ಲಿ 'ಕ್ಯೂಬನ್ ಒರೆಗಾನೊ' ಅಂತ ಕುಂಡದಲ್ಲಿಟ್ಟು ಮಾರೋ ಗಿಡ ನಮ್ಮ ದೊಡ್ಡಪತ್ರೆಯೇ. ಒರೆಗಾನೊಗೆ ಆ ಘಾಟು ಕೊಡೋ ಕಾರ್ವಕ್ರಾಲ್, ಥೈಮಾಲ್ ಇದರ ಎಲೆಯಲ್ಲೂ ಇವೆ. ಅಜವಾನಕ್ಕೆ ವಾಸನೆ ಬರೋದೂ ಥೈಮಾಲ್‌ನಿಂದ, ಅದಕ್ಕೇ ದೊಡ್ಡಪತ್ರೆ ಮೂಸಿದರೆ ಓಮದ ನೆನಪಾಗೋದು. ಅಂದರೆ ನಾನು ಒರೆಗಾನೊ ಮೇಲೆ ಸಿಮೆಂಟ್ ಸುರಿದು, ಬೆಂಗಳೂರಿಗೆ ಬಂದು ಒರೆಗಾನೊ ಬೀಜ ಕೊಂಡಿದ್ದೆ.

ಈಗ ಯಾರಾದರೂ 'ನಮ್ಮದು ಶ್ರೇಷ್ಠ, ವಿದೇಶಿ ಕಳೆ ಬೇಡ' ಅಂತ ಬಾವುಟ ಹಿಡಿದುಕೊಂಡು ಬರ್ತಾರೆ. ದಯವಿಟ್ಟು ಬರಬೇಡಿ. ದೊಡ್ಡಪತ್ರೆಯ ಮೂಲ ಆಫ್ರಿಕಾ ಅಂತಾರೆ ಸಸ್ಯಶಾಸ್ತ್ರದವರು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಬೇಸಿಲ್ ಬೆಳೆಯೋರು ಸಂತೋಷವಾಗಿ ಬೆಳೀರಿ, ನನ್ನ ತಕರಾರು ಗಿಡದ ಮೇಲಲ್ಲ.

ತಕರಾರು ಇರೋದು ಎರಡು. ಒಂದು, ಪೊಟ್ಟಣದ ಮೇಲೆ ಬರೆದಿರೋ 'ಬೇಸಿಗೆ' ನಮ್ಮ ಬೇಸಿಗೆ ಅಲ್ಲ. ಅದು ತಣ್ಣನೆ ದೇಶಗಳ ಜೂನ್, ಜುಲೈ. ನಮ್ಮದು ಮಾರ್ಚ್‌ನಿಂದ ಮೇ, ಬೋರ್‌ವೆಲ್ ಗಾಳಿ ಉಗುಳೋ ಕಾಲ. ನಮ್ಮ ಕೊತ್ತಂಬರಿಯೇ ಆ ಬಿಸಿಲಿಗೆ ಎಲೆ ಬಿಡೋದು ಬಿಟ್ಟು ಹೂವಿಗೆ ನಿಲ್ಲತ್ತೆ. ಬೇಕೇ ಬೇಕಂದರೆ ಧನಿಯಾ ಕಾಳನ್ನ ಎರಡು ಹೋಳಾಗೋ ಹಾಗೆ ಉಜ್ಜಿ, ನೆರಳಿನಲ್ಲಿ ಬಿತ್ತಿ, ಮೇಲೆ ತೆಂಗಿನ ಗರಿ ಹೊದಿಸಿ, ಎಳೆಯದರಲ್ಲೇ ಕಿತ್ತುಕೋಬೇಕು. ದೊಡ್ಡಪತ್ರೆಗೆ ಆ ರಗಳೆ ಇಲ್ಲ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿರತ್ತೆ. ಪುದೀನ, ಒಂದೆಲಗಕ್ಕೆ ತೇವ ಬೇಕು ನಿಜ, ಅಕ್ಕಿ ತೊಳೆದ ನೀರು ದಿನಾ ಬಿದ್ದರೆ ಅಷ್ಟೇ ಸಾಕು.

ಎರಡನೆಯದು ಇನ್ನೂ ಮುಖ್ಯ. ಈ ಗಿಡಗಳನ್ನ ಯಾರೂ ಬೀಜ ಕೊಂಡು ಬೆಳೆಸಿದವರಲ್ಲ. ದೊಡ್ಡಪತ್ರೆ, ಪುದೀನ ಕಡ್ಡಿ ಮುರಿದು ಚುಚ್ಚಿದರೆ ಆಯ್ತು. ಒಂದೆಲಗ ಬಳ್ಳಿ ಗೆಣ್ಣುಗೆಣ್ಣಿಗೂ ತಾನೇ ಬೇರು ಬಿಡತ್ತೆ. ಜಾಹೀರಾತು ಕೊಟ್ಟು ಮಾರಿದರೆ ಲಾಭ ಇಲ್ಲದ ಗಿಡ ನಮ್ಮ ಕಣ್ಣಿಗೇ ಬೀಳಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ, ಆದರೆ ಅವರ ಕಾಲಕ್ಕೆ ಹಿತ್ತಲಾದರೂ ಇತ್ತಲ್ಲ!

ಆ ದಿನ ಅಮ್ಮ ಎದುರುಮನೆ ಅತ್ತೆ ಹತ್ತಿರ ಹೋಗಿ ಒಂದು ಕಡ್ಡಿ ತಂದಳು. ಅತ್ತೆ ಹೇಳಿದ್ದು, "ನಿಮ್ಮತ್ತೆ ಕೊಟ್ಟಿದ್ದೇ ಕಣಮ್ಮಾ ಇದು, ಎಷ್ಟ್ ವರ್ಷ ಆಯ್ತೋ." ದಿನವಿಡೀ ಬ್ಯಾಕಪ್, ಬ್ಯಾಕಪ್ ಅಂತ ಬಡ್ಕೊಳ್ಳೋ ಕೆಲಸ ನಂದು. ನಮ್ಮಜ್ಜಿ ಕಂಪ್ಯೂಟರ್ ಮುಟ್ಟದೇನೇ ಬೀದಿ ತುಂಬಾ ಬ್ಯಾಕಪ್ ಇಟ್ಟಿದ್ದಳು, ನಾನು ಮೂಲವನ್ನೇ ಡಿಲೀಟ್ ಮಾಡಿದ್ದೆ. ಆ ಎದುರುಮನೆಗೂ ಮಗ ಇದ್ದಾನೆ, ಅವನೂ ಬೆಂಗಳೂರಲ್ಲೇ ಇದ್ದಾನೆ, ಅವನೂ ಹಿತ್ತಲಿಗೆ ಸಿಮೆಂಟ್ ಹಾಕಿಸೋ ಲೆಕ್ಕದಲ್ಲಿದ್ದಾನೆ.

"ಹಾಗಾದರೆ ನಿಮ್ಮಮ್ಮ ಜಾರಿ ಬೀಳಬೇಕಿತ್ತಾ?" ಅಂತ ಕೇಳ್ತೀರಿ. ಬೇಡ. ಓಡಾಡೋ ದಾರಿಗೆ ಕಾಂಕ್ರೀಟ್ ಹಾಕಿಸಿ. ಆದರೆ ಗೋಡೆ ಪಕ್ಕ ಎರಡಡಿ ಮಣ್ಣು ಬಿಡಿ. ಸೊಳ್ಳೆ ಬರೋದು ನಿಂತ ನೀರಿಗೆ, ಇಂಗೋ ನೀರಿಗಲ್ಲ. ಇನ್ನು ಸೋಪಿನ ನೀರಿನ ಮಾತು, ಇದನ್ನ ಒಪ್ಪಲೇಬೇಕು. ಅಜ್ಜಿ ಕಾಲದಲ್ಲಿ ಬೂದಿ, ಸೀಗೆಕಾಯಿ. ಈಗಿನ ಸ್ನಾನದ ನೀರು, ಬಟ್ಟೆ ಒಗೆದ ನೀರು ಹಸಿಯಾಗಿ ತಿನ್ನೋ ಸೊಪ್ಪಿಗೆ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನ ಒಂದು ಬಕೆಟ್‌ಗೆ ಹಿಡಿದು ಹಾಕಿದರೆ ಎರಡಡಿ ಮಣ್ಣಿಗೆ ಧಾರಾಳ.

ಮೊನ್ನೆ ಊರಿಗೆ ಹೋಗಿದ್ದು ಇದೇ ಕೆಲಸಕ್ಕೆ. ಅದೇ ಮೇಸ್ತ್ರಿಯನ್ನ ಕರೆಸಿ ಗೋಡೆ ಬದಿ ಆರಡಿ ಉದ್ದ, ಎರಡಡಿ ಅಗಲ ಕಾಂಕ್ರೀಟ್ ಒಡೆಸಿದೆ. ಹಾಕಿಸಿದಾಗಲೂ ದುಡ್ಡು, ಒಡೆಸಿದಾಗಲೂ ದುಡ್ಡು. ತಳಕ್ಕೆ ಮನೆಯದೇ ತೆಂಗಿನ ಸಿಪ್ಪೆ, ಮೇಲೆ ಕೊಟ್ಟಿಗೆ ಗೊಬ್ಬರ. ಎದುರುಮನೆ ಕಡ್ಡಿಯಿಂದ ಅಮ್ಮ ಡಬ್ಬದಲ್ಲಿ ಬೆಳೆಸಿದ್ದ ದೊಡ್ಡಪತ್ರೆ ಈಗ ನೆಲಕ್ಕೆ ಇಳಿದಿದೆ. ಅವತ್ತು ರಾತ್ರಿ ಅದರ ಹತ್ತು ಎಲೆ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದಳು. ಮಲೆನಾಡಿನವರು ತಂಬುಳಿ ಅಂತ ಹಾಡಿ ಹೊಗಳೋದು ಇದನ್ನೇ. ಬಿಸಿ ಅನ್ನಕ್ಕೆ ಕಲಸಿಕೊಂಡು ಮೂರು ಸಲ ಹಾಕಿಸಿಕೊಂಡೆ.

ಈ ವರ್ಷ ಊರಿನ ಮನೆ ರಿಪೇರಿಗೆ ದುಡ್ಡು ಕಳಿಸೋ ಗೆಳೆಯರೇ, ಗೆಳತಿಯರೇ, ಕೇಳೋದು ಇಷ್ಟೇ. ಕಾಂಕ್ರೀಟ್ ಲಾರಿ ಬರೋ ಮುಂಚೆ ಅಮ್ಮನಿಗೋ ಅಜ್ಜಿಗೋ ಒಂದು ಫೋನ್ ಮಾಡಿ, "ಯಾವ ಮೂಲೆ ಬಿಡ್ಲಿ?" ಅಂತ ಕೇಳಿ. ಅಜ್ಜಿಯನ್ನ ಕೇಳೋ ಭಾಗ್ಯ ಇದ್ದವರಂತೂ ಇವತ್ತೇ ಕೇಳಿ. ದೊಡ್ಡಪತ್ರೆ ಕಡ್ಡಿ ಬೇಕಾದವರು ನನಗೆ ಹೇಳಿ, ಮುಂದಿನ ಸಲ ಊರಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತರ್ತೀನಿ. ದುಡ್ಡು ಬೇಡ, ಆದರೆ ನೀವೂ ಇನ್ನಿಬ್ಬರಿಗೆ ಮುರಿದು ಕೊಡಬೇಕು.